ವಿಕಾಸ: ವಾದವೋ, ವಾಸ್ತವವೋ?

ಆಗಸ್ಟ್ ತಿಂಗಳ ಒಂದು ಸಂಜೆ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೊರಟರೆ ರಸ್ತೆಯ ಎರಡೂ ಬದಿಯ ಊರುಗಳಲ್ಲಿ ಎತ್ತರದ, ಮೊಂಡು ಗೋಡೆಯ ಕಟ್ಟಡಗಳು ಕಾಣುತ್ತವೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ಇವು. ಕೆಳಗೆ ಒಲೆ ಉರಿಯುತ್ತದೆ. ಅದರ ಬಿಸಿ ತಗಡಿನ ಕೊಳವೆಗಳಲ್ಲಿ ಸುತ್ತಿ ಬಂದು, ಸಾಲಾಗಿ ತೂಗುಬಿಟ್ಟ ಹಸಿರೆಲೆಯನ್ನು ಹಳದಿಗೆ ತಿರುಗಿಸಿ ಒಣಗಿಸುತ್ತದೆ. ಹೊಗೆ ಮಾತ್ರ ಎಲೆಗೆ ತಾಗದೆ ಚಿಮಣಿಯಿಂದ ಹೊರಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಒಲೆಯ ಬೆಂಕಿ ಕಾಣಿಸುವುದಿಲ್ಲ; ಕಾಣುವುದು ಹೊಗೆಯೊಂದೇ. ಆದರೂ ಆ ಬ್ಯಾರನ್ನಿನಲ್ಲಿ ಒಲೆ ಹೊತ್ತಿದೆಯೋ ಇಲ್ಲವೋ ಎಂದು ಯಾವ ಪ್ರಯಾಣಿಕನೂ ಚರ್ಚೆಗೆ ಇಳಿಯುವುದಿಲ್ಲ.

ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಹೀಗೆ ತಿಳಿಯುವುದನ್ನು ಅವರು ‘ಅನುಮಾನ’ ಎಂದು ಕರೆದರು. ಪ್ರತ್ಯಕ್ಷದಂತೆ ಅದನ್ನೂ ಒಂದು ಪ್ರಮಾಣವೆಂದು ಒಪ್ಪಿದರು. ಕಾಲ ಕಳೆದಂತೆ ಆಡುಮಾತಿನಲ್ಲಿ ಆ ಶಬ್ದದ ಅರ್ಥವೇ ತಿರುಗಿಬಿದ್ದಿತು. ಈಗ ಯಾರಿಗಾದರೂ ಅನುಮಾನ ಬಂತೆಂದರೆ ಸಂಶಯ ಬಂತೆಂದು ಅರ್ಥ. ತಿಳಿವಳಿಕೆಯ ಒಂದು ಸಾಧನ ತಿಳಿವಳಿಕೆಯ ಕೊರತೆಗೆ ಹೆಸರಾಯಿತು! ಜೀವವಿಕಾಸದ ಬಗ್ಗೆ ನಡೆಯುವ ಜಗಳದಲ್ಲಿ ಅರ್ಧ ಭಾಗ ಇಂತಹ ಶಬ್ದಗಳ ಜಗಳವೇ ಆಗಿದೆ.

2018ರ ಜನವರಿಯಲ್ಲಿ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ (ಈಗ ಛತ್ರಪತಿ ಸಂಭಾಜಿನಗರ) ಅಂದಿನ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಅದನ್ನು ಪಠ್ಯಪುಸ್ತಕಗಳಿಂದ ತೆಗೆಯಬೇಕು ಎಂದರು. ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಿಕರಲ್ಲಿ ಯಾರೂ ಹೇಳಿಲ್ಲ, ಬರೆದೂ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೆಲವೇ ದಿನಗಳಲ್ಲಿ ಜಂಟಿ ಹೇಳಿಕೆ ಕೊಟ್ಟು ಇದನ್ನು ಅಲ್ಲಗಳೆದವು. ಐದು ವರ್ಷಗಳ ಬಳಿಕ, 2023ರಲ್ಲಿ, ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದ್ದು, ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಹಾಗೆಯೇ ಇದೆ ಎಂಬುದು ಸಂಸ್ಥೆಯ ಸಮಜಾಯಿಷಿ. ಅದು ನಿಜವೇ. ಆದರೆ ಹತ್ತರ ನಂತರ ಜೀವಶಾಸ್ತ್ರ ಓದದ ಮಕ್ಕಳೇ ಬಹುಪಾಲು ಎಂಬುದೂ ಅಷ್ಟೇ ನಿಜ.

ಅಮೆರಿಕದಲ್ಲಿ ಈ ಜಗಳ ಇನ್ನೂ ಹಳೆಯದು. ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 2002ರಲ್ಲಿ ಶಾಲೆಯ ಜೀವಶಾಸ್ತ್ರ ಪುಸ್ತಕಗಳಿಗೆ ಒಂದೊಂದು ಚೀಟಿ ಅಂಟಿಸಿದರು. ವಿಕಾಸ ಎಂಬುದು ‘ಥಿಯರಿ’ಯೇ ಹೊರತು ‘ಫ್ಯಾಕ್ಟ್’ ಅಲ್ಲ ಎಂಬುದು ಆ ಚೀಟಿಯ ತಿರುಳು. 2005ರಲ್ಲಿ ನ್ಯಾಯಾಲಯ ಅದನ್ನು ಕಿತ್ತುಹಾಕಿಸಿತು. ಆ ಚೀಟಿಯ ಬಲವೆಲ್ಲ ಇಂಗ್ಲಿಷಿನ ಒಂದು ಆಡುಮಾತಿನ ಮೇಲೆ ನಿಂತಿತ್ತು. ಅಲ್ಲಿ ಬೀದಿಯಲ್ಲಿ ಥಿಯರಿ ಎಂದರೆ ಒಬ್ಬೊಬ್ಬರ ಊಹೆ. ಪ್ರಯೋಗಾಲಯದಲ್ಲಿ ಥಿಯರಿ ಎಂದರೆ ಲೆಕ್ಕವಿಲ್ಲದಷ್ಟು ಸಂಗತಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಮುಂದೆ ಏನು ಸಿಗಬೇಕೆಂದು ಮೊದಲೇ ಹೇಳಿ, ಹಾಗೆ ಹೇಳಿದ್ದು ತಪ್ಪಾದರೆ ಬಿದ್ದುಹೋಗಲು ಸಿದ್ಧವಾಗಿರುವ ವಿವರಣೆ.

ಕನ್ನಡದಲ್ಲಿ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಒಂದೇ ವಿಷಯಕ್ಕೆ ಎರಡು ಹೆಸರು ರೂಢಿಯಲ್ಲಿವೆ: ವಿಕಾಸವಾದ, ವಿಕಾಸ ಸಿದ್ಧಾಂತ. ‘ವಾದ’ ಎಂದೊಡನೆ ಕೋರ್ಟಿನ ವಾದ, ಪ್ರತಿವಾದ ನೆನಪಾಗುತ್ತವೆ. ಎರಡು ಪಕ್ಷ ಇರಬೇಕು, ಇನ್ನೊಂದರ ಮಾತನ್ನೂ ಕೇಳಬೇಕು ಎನ್ನಿಸುತ್ತದೆ. ‘ಸಿದ್ಧಾಂತ’ ಹಾಗಲ್ಲ. ಪೂರ್ವಪಕ್ಷವನ್ನು ಮುಂದಿಟ್ಟು, ಅದರ ಆಕ್ಷೇಪಗಳನ್ನೆಲ್ಲ ಖಂಡಿಸಿ, ಕಡೆಗೆ ನಿಲ್ಲುವ ನಿಲುವು ಸಿದ್ಧಾಂತ. ಸಿದ್ಧವಾದ ಅಂತ. ಸೂರ್ಯಸಿದ್ಧಾಂತವನ್ನು ಆಧರಿಸಿ ಪಂಚಾಂಗದವರು ಗ್ರಹಣ ಗುಣಿಸುವಾಗ ಇದು ಬರಿಯ ಸಿದ್ಧಾಂತ ತಾನೇ ಎಂದು ಯಾರೂ ಮೂಗು ಮುರಿಯುವುದಿಲ್ಲ. ಗ್ರಹಣ ಹಿಡಿದದ್ದು ಸಂಗತಿ; ಅದು ಏಕೆ, ಯಾವಾಗ ಹಿಡಿಯುತ್ತದೆ ಎಂಬ ವಿವರಣೆ ಸಿದ್ಧಾಂತ. ಗ್ರಹಗತಿಯ ಲೆಕ್ಕ ಕಾಲಕಾಲಕ್ಕೆ ಬದಲಾಗಿದೆ. ಹಾಗೆಂದು ಹಿಂದಿನ ಗ್ರಹಣಗಳು ರದ್ದಾಗಲಿಲ್ಲ.

‘ವಿಕಾಸ’ ಎಂಬ ಶಬ್ದದಲ್ಲೂ ಒಂದು ತೊಡಕಿದೆಯೆಂದು ಇಲ್ಲಿಯೇ ಹೇಳಿಬಿಡಬೇಕು. ಹೂವು ವಿಕಸಿಸುತ್ತದೆ, ಅಂದರೆ ಅರಳುತ್ತದೆ. ಕೇಳಿದವರಿಗೆ ಜೀವಿಗಳು ಕೆಳಗಿನಿಂದ ಮೇಲಕ್ಕೆ, ಒರಟಿನಿಂದ ನಯಕ್ಕೆ ಏರುತ್ತ ಹೋಗುತ್ತವೆ ಎಂಬ ಚಿತ್ರ ಬರುತ್ತದೆ. ಜೀವಶಾಸ್ತ್ರ ಹೇಳುವುದು ಅದನ್ನಲ್ಲ. ತಲೆಮಾರಿನಿಂದ ತಲೆಮಾರಿಗೆ ಒಂದು ಜೀವಿಸಮೂಹದ ಆನುವಂಶಿಕ ಗುಣಗಳು ಬದಲಾಗುತ್ತವೆ. ಬದಲಾವಣೆ ಕೂಡುತ್ತ ಹೋಗಿ ಒಂದು ಕುಲ ಎರಡಾಗುತ್ತದೆ. ಹಿಂದಕ್ಕೆ ಹೋದರೆ ಎಲ್ಲ ಕುಲಗಳೂ ಎಲ್ಲೋ ಒಂದೆಡೆ ಕೂಡುತ್ತವೆ. ಇಷ್ಟೇ. ಈ ಲೆಕ್ಕದಲ್ಲಿ ಇಂದಿನ ಮಂಗ ನಮ್ಮ ಅಜ್ಜನಲ್ಲ, ದಾಯಾದಿ. ದಾಯಾದಿ ಕಣ್ಣೆದುರಿಗೆ ಮನುಷ್ಯನಾಗಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಈಗ ಬ್ಯಾರನ್ನಿನ ಒಳಗಿನ ಎಲೆಗೆ ಮರಳಬಹುದು. ಏಕೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಕೆಂಪು ಹಗುರ ಮಣ್ಣಿನಲ್ಲಿ ಬೆಳೆದು, ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಮಾರಾಟವಾಗುವ ಈ ಗಿಡವೇ ವಿಕಾಸದ ಅತ್ಯಂತ ಸ್ಪಷ್ಟ ಸಾಕ್ಷಿಗಳಲ್ಲೊಂದು.

ಹೊಗೆಸೊಪ್ಪು ಈ ನೆಲದ್ದಲ್ಲ. ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರ ಹಡಗುಗಳಲ್ಲಿ ದಖ್ಖನಿಗೆ ಬಂದು ಕನ್ನಡ ನಾಡಿನಲ್ಲಿ ಎಷ್ಟು ಬೇಗ ನೆಲೆಯೂರಿತೆಂದರೆ, 1604ರ ಸುಮಾರಿಗೆ ಮೊಗಲ್ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ಅದನ್ನು ಕಂಡು ಬೆರಗಾಗಿ, ರತ್ನ ಕೆತ್ತಿದ ಚಿಲುಮೆಯೊಡನೆ ಅಕ್ಬರನ ಆಸ್ಥಾನಕ್ಕೆ ಕೊಂಡೊಯ್ದ. ಬಾದಶಹನಿಗೆ ಅದು ಹಿಡಿಸಲಿಲ್ಲವೆನ್ನಿ, ವೈದ್ಯರು ಬೇಡವೆಂದರು. ಆಸ್ಥಾನದ ಉಳಿದವರಿಗೆ ಮಾತ್ರ ಚೆನ್ನಾಗಿಯೇ ಹಿಡಿಸಿತು.

ಅಮೆರಿಕ ಖಂಡಗಳಲ್ಲಿ ತಂಬಾಕಿನ ಕಾಡು ನೆಂಟರು ಹಲವಾರಿವೆ. ಆದರೆ ಹೊಲದಲ್ಲಿ ಬೆಳೆಯುವ ‘ನಿಕೋಟಿಯಾನ ಟಬಾಕಮ್’ ಮಾತ್ರ ಒಂದು ಒಗಟಾಗಿತ್ತು. ಜೀವಕೋಶದಲ್ಲಿ ಆನುವಂಶಿಕ ಗುಣಗಳನ್ನು ಹೊತ್ತ ದಾರದಂತಹ ವಸ್ತುಗಳಿಗೆ ಕ್ರೋಮೊಸೋಮ್ ಎನ್ನುತ್ತಾರೆ. ಹಲವು ಕಾಡು ತಂಬಾಕುಗಳಲ್ಲಿ ಅವು 24 ಇದ್ದರೆ ಬೆಳೆಯುವ ತಂಬಾಕಿನಲ್ಲಿ ಸರಿಯಾಗಿ ಎರಡರಷ್ಟು, 48. ಈ ಎರಡರಷ್ಟು ಎಲ್ಲಿಂದ ಬಂತು? ಡೆನ್ಮಾರ್ಕಿನ ಸಸ್ಯವಿಜ್ಞಾನಿ ಓಯಿವಿಂದ್ ವಿಂಗೆ 1917ರಲ್ಲಿ ಒಂದು ದಾರಿ ತೋರಿದ. ಎರಡು ಬೇರೆ ಬೇರೆ ಜಾತಿಯ ಗಿಡಗಳು ಕೂಡಿ ಬೆರಕೆ ಹುಟ್ಟಿದರೆ ಅದು ಸಾಮಾನ್ಯವಾಗಿ ಹೇಸರಗತ್ತೆಯ ಹಾಗೆ ಬಂಜೆ. ತಾಯಿಯ ಕ್ರೋಮೊಸೋಮಿಗೆ ತಂದೆಯ ಕಡೆಯಿಂದ ಸರಿಜೋಡಿ ಸಿಗದಿರುವುದೇ ಇದಕ್ಕೆ ಕಾರಣ. ಆದರೆ ಕೋಶ ಒಡೆಯುವಾಗ ಆದ ಯಾವುದೋ ಎಡವಟ್ಟಿನಿಂದ ಎಲ್ಲ ಕ್ರೋಮೊಸೋಮುಗಳೂ ಇಮ್ಮಡಿಯಾಗಿ ಅಲ್ಲೇ ಉಳಿದುಬಿಟ್ಟರೆ? ಪ್ರತಿಯೊಂದಕ್ಕೂ ಜೋಡಿ ದೊರೆಯುತ್ತದೆ. ಬಂಜೆ ಗಿಡ ಬೀಜ ಕಟ್ಟುತ್ತದೆ. ತಾಯಿಯ ಜಾತಿಯೂ ಅಲ್ಲದ, ತಂದೆಯ ಜಾತಿಯೂ ಅಲ್ಲದ ಮೂರನೆಯ ಜಾತಿ ಹುಟ್ಟಿಕೊಳ್ಳುತ್ತದೆ.

ಇದು ಆಗ ಊಹೆ. ಪರೀಕ್ಷೆಯಾದದ್ದು ತಂಬಾಕಿನ ಗಿಡದ ಮೇಲೆಯೇ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ಲಾಸೆನ್ ಮತ್ತು ಗುಡ್‌ಸ್ಪೀಡ್ ಎಂಬಿಬ್ಬರು 48 ಕ್ರೋಮೊಸೋಮಿನ ಟಬಾಕಮ್ಮನ್ನು 24 ಕ್ರೋಮೊಸೋಮಿನ ‘ನಿಕೋಟಿಯಾನ ಗ್ಲುಟಿನೋಸ’ ಎಂಬ ಕಾಡು ತಂಬಾಕಿನೊಡನೆ ಕೂಡಿಸಿದರು. ಬೆರಕೆ ಗಿಡಗಳು ನಿರೀಕ್ಷೆಯಂತೆ ಬಂಜೆಯಾದವು. ಅವುಗಳ ನಡುವೆ ಒಂದು ಮಾತ್ರ ಬೀಜ ಕಟ್ಟಿತು. ಎಣಿಸಿದರೆ 72 ಕ್ರೋಮೊಸೋಮ್: ಬೆರಕೆಯ 36ರ ಇಮ್ಮಡಿ. ಬೀಜ ಬಿತ್ತಿದರೆ ಮತ್ತೆ ಅದೇ ಗಿಡ ಬಂತು. ಇದಕ್ಕೆ ‘ನಿಕೋಟಿಯಾನ ಡಿಗ್ಲುಟ’ ಎಂದು ಹೆಸರಿಟ್ಟು 1925ರಲ್ಲಿ ಪ್ರಕಟಿಸಿದರು. ಹೊಸ ಜಾತಿಯೊಂದು ಹುಟ್ಟಿದ್ದನ್ನು ಯಾರೂ ಕಂಡಿಲ್ಲ ಎನ್ನುವವರಿಗೆ ತೋರಿಸಲು, ನೂರು ವರ್ಷದ ಹಿಂದೆಯೇ ಕುಂಡದಲ್ಲಿ ಬೆಳೆದ ಉದಾಹರಣೆ ಇದು.

ಬೆಳೆಯುವ ತಂಬಾಕಿನ ತಂದೆತಾಯಿ ಯಾರೆಂಬುದೂ ಈಗ ಗೊತ್ತಾಗಿದೆ. ಆಂಡಿಸ್ ಪರ್ವತದ ಮಗ್ಗುಲಿನ ಬೊಲಿವಿಯಾ, ಅರ್ಜೆಂಟೀನಾ ಸೀಮೆಯ ಎರಡು ಕಾಡು ಗಿಡಗಳು ಅವು. ‘ಸಿಲ್ವೆಸ್ಟ್ರಿಸ್’ ತಾಯಿ, ‘ಟೊಮೆಂಟೋಸಿಫಾರ್ಮಿಸ್’ ತಂದೆ. ಅವುಗಳ ಮದುವೆ ನಡೆದದ್ದು ಎರಡು ಲಕ್ಷ ವರ್ಷಗಳಿಗಿಂತ ಈಚೆಗೆ ಎಂದು ಅಂದಾಜು. ಕಂಡವರಿಲ್ಲ. ಆದರೆ 2014ರಲ್ಲಿ ತಂಬಾಕಿನ ಡಿಎನ್‌ಎಯನ್ನು ಪೂರ್ತಿ ಓದಿದಾಗ ಅದರ ಒಂದು ಪಾಲು ಒಂದು ಕಾಡು ಗಿಡಕ್ಕೂ ಇನ್ನೊಂದು ಪಾಲು ಮತ್ತೊಂದು ಕಾಡು ಗಿಡಕ್ಕೂ ಹೊಂದಿಕೊಂಡಿತು. ಚಿಮಣಿಯ ಹೊಗೆಗಿಂತ ಇದು ಗಟ್ಟಿಯಾದ ಗುರುತು.

ರೈತನಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆಗಿದೆ. ತಂಬಾಕಿನ ಎಲೆಯಲ್ಲಿ ಹಸಿರು, ತಿಳಿಹಳದಿ ಮಚ್ಚೆಗಳನ್ನು ತರುವ ಮೊಸಾಯಿಕ್ ಎಂಬ ನಂಜುರೋಗವಿದೆ. ಜಗತ್ತಿನಲ್ಲಿ ಮೊದಲು ಪತ್ತೆಯಾದ ವೈರಸ್ ಇದೇ. ರಷ್ಯದ ಇವನೋವ್‌ಸ್ಕಿ 1892ರಲ್ಲಿ, ಹಾಲೆಂಡಿನ ಬೈಯರಿಂಕ್ 1898ರಲ್ಲಿ ಅದರ ಜಾಡು ಹಿಡಿದರು. ಇದನ್ನು ತಡೆಯುವ ಗುಣ ಗ್ಲುಟಿನೋಸ ಎಂಬ ಆ ಕಾಡು ನೆಂಟನಲ್ಲಿತ್ತು. 1938ರಲ್ಲಿ ಹೋಮ್ಸ್ ಎಂಬ ವಿಜ್ಞಾನಿ ಕ್ಲಾಸೆನ್, ಗುಡ್‌ಸ್ಪೀಡ್ ಹುಟ್ಟಿಸಿದ ಡಿಗ್ಲುಟವನ್ನೇ ಸೇತುವೆ ಮಾಡಿಕೊಂಡು ಆ ಗುಣವನ್ನು ಬೆಳೆಯುವ ತಂಬಾಕಿಗೆ ದಾಟಿಸಿದ. ರೋಗ ತಡೆಯುವ ಗುಣ ಬೇಕಾದರೆ ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ನೆಂಟರ ಮನೆಯಲ್ಲಿ ಎಂಬ ಉತ್ತರ ಬಂದದ್ದು ವಂಶವೃಕ್ಷದಿಂದ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಲ್ಲಿ ಸೊರಗುರೋಗ ತಡೆಯುವ ಎಫ್‌ಸಿಎಚ್ 222ರಂತಹ ತಳಿಗಳನ್ನು ಆಯ್ದು ಬೆಳೆಸುವಾಗಲೂ ನಡೆಯುವುದು ಅದೇ ಕೆಲಸ: ವ್ಯತ್ಯಾಸವನ್ನು ಗುರುತಿಸು, ಬೇಕಾದದ್ದನ್ನು ಆರಿಸು, ಮುಂದಿನ ತಲೆಮಾರಿಗೆ ಅದನ್ನೇ ಬಿಡು. 1859ರ ತನ್ನ ಪುಸ್ತಕವನ್ನು ಡಾರ್ವಿನ್ ಆರಂಭಿಸಿದ್ದು ದೂರದ ದ್ವೀಪಗಳಿಂದಲ್ಲ, ತೋಟಗಾರರ ಮತ್ತು ಪಾರಿವಾಳ ಸಾಕುವವರ ಇಂತಹ ಆಯ್ಕೆಯಿಂದಲೇ. ಮನುಷ್ಯ ಕೈಯಿಂದ ಮಾಡುವ ಆಯ್ಕೆಯನ್ನು ಬರ, ರೋಗ, ಹಸಿವು, ಶತ್ರುಗಳು ತಾವಾಗಿ ಮಾಡುತ್ತಿರುತ್ತವೆ ಎಂಬುದು ಅವನ ಮಾತು. ಅದಕ್ಕೆ ಅವನು ನೈಸರ್ಗಿಕ ಆಯ್ಕೆ ಎಂದು ಹೆಸರಿಟ್ಟ.

ಕಾವೇರಿ ನಾಲೆಯ ನೀರುಂಡ ಕೆ.ಆರ್. ನಗರದ ಗದ್ದೆಗಳಲ್ಲಿ ಇದರ ಮತ್ತೊಂದು ಮುಖವನ್ನು ವಿವರಿಸುವುದು ಸುಲಭ. ಭತ್ತಕ್ಕೆ ಬೀಳುವ ಕಂದು ಜಿಗಿಹುಳುವಿನ ಕಾಟ ಬಲ್ಲವರಿಗೆ ಗೊತ್ತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಈ ಹುಳುವನ್ನು ತಡೆಯುವ ಐಆರ್ 26 ಎಂಬ ತಳಿಯನ್ನು 1973ರಲ್ಲಿ ಬಿಡುಗಡೆ ಮಾಡಿತು. ಮೂರು ನಾಲ್ಕು ವರ್ಷಗಳಲ್ಲಿ ಆ ತಳಿಯ ಮೇಲೆ ಬದುಕಬಲ್ಲ ಹುಳುಗಳು ಗದ್ದೆ ತುಂಬಿದವು. ಹುಳು ಪಾಠ ಕಲಿಯಲಿಲ್ಲ. ಲಕ್ಷಾಂತರ ಹುಳುಗಳಲ್ಲಿ ಮೊದಲೇ ಹಾಗಿದ್ದ ಕೆಲವು ಉಳಿದು, ಮರಿ ಮಾಡಿ, ಊರು ತುಂಬಿದವು, ಅಷ್ಟೆ.

ಕಣ್ಣೆದುರಿನ ಸಣ್ಣ ಬದಲಾವಣೆ ಒಪ್ಪೋಣ, ಆದರೆ ಕೋಟ್ಯಂತರ ವರ್ಷದ ದೊಡ್ಡ ಕಥೆಗೆ ಆಧಾರವೇನು ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಒಂದು ಉತ್ತರ ಬಂಡೆಗಳಲ್ಲಿದೆ. ವಿಚಿತ್ರವೆಂದರೆ ಈ ಸೀಮೆಯ ಬಂಡೆಗಳಲ್ಲಿ ಒಂದು ಮೂಳೆಯೂ ಸಿಗುವುದಿಲ್ಲ. ಸಿಗದಿರುವುದೇ ಇಲ್ಲಿ ಸಾಕ್ಷಿ. ಹಿಂದೆ ಎಚ್.ಡಿ. ಕೋಟೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ಹೆಸರು ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ. ‘ಸರಗೂರು ಶಿಲಾಸಮೂಹ’ ದಕ್ಷಿಣ ಭಾರತದ ಅತಿ ಹಳೆಯ ಬಂಡೆಗಳ ಗುಂಪುಗಳಲ್ಲೊಂದು. ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಪ್ರಾಣಿಗಳು ಧಾರಾಳವಾಗಿ ಪಳೆಯುಳಿಕೆ ಬಿಡತೊಡಗಿದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ವಿಕಾಸ ಸಿದ್ಧಾಂತ ಸರಿಯಿದ್ದರೆ ಸರಗೂರಿನ ಬಂಡೆಯಲ್ಲಿ ಮೊಲದ ಮೂಳೆ ಎಂದೂ ಸಿಗಕೂಡದು. ಸಿದ್ಧಾಂತವನ್ನು ಕೆಡಹಲು ಏನು ಸಾಕು ಎಂದು ಕೇಳಿದ್ದಕ್ಕೆ ಇಂತಹ ಪ್ರಾಚೀನ ಶಿಲೆಯಲ್ಲಿ ಮೊಲದ ಪಳೆಯುಳಿಕೆ ಸಿಕ್ಕರೆ ಸಾಕು ಎಂದು ಉತ್ತರಿಸಿದನೆಂದು ಪ್ರಸಿದ್ಧಿ ಪಡೆದವನು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನ ಈ ಮೇಧಾವಿ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಅಂತಹ ಮೊಲ ಇದುವರೆಗೆ ಎಲ್ಲಿಯೂ ಸಿಕ್ಕಿಲ್ಲ.

ಸಿಗಬೇಕಾದದ್ದು ಸಿಕ್ಕಿರುವುದೂ ಉಂಟು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದದ್ದಾದರೆ ಅವುಗಳ ನಡುವಿನ ಜೀವಿ ಸುಮಾರು 37 ಕೋಟಿ ವರ್ಷದ ಹಿಂದಿನ, ಹಳ್ಳಹೊಳೆಗಳ ಮಡ್ಡಿಯಿಂದಾದ ಬಂಡೆಯಲ್ಲಿ ಇರಬೇಕು ಎಂದು ಲೆಕ್ಕ ಹಾಕಿದ ನೀಲ್ ಶೂಬಿನ್ ಮತ್ತು ಸಂಗಡಿಗರು, ಅಂತಹ ಬಂಡೆ ಇರುವ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪವನ್ನು ನಕ್ಷೆಯಲ್ಲಿ ಗುರುತಿಸಿ ಹೊರಟರು. ಹಲವು ಬೇಸಗೆ ಬರಿಗೈಯಲ್ಲಿ ಮರಳಿದ ಮೇಲೆ 2004ರಲ್ಲಿ ಮೀನಿನ ಹುರುಪೆಯೂ ಕತ್ತು, ಮಣಿಕಟ್ಟಿನ ಮೂಳೆಗಳೂ ಇದ್ದ ‘ಟಿಕ್‌ಟಾಲಿಕ್’ ದೊರೆಯಿತು. ಬರಿಯ ಊಹೆ ಯಾರಿಗೂ ಹೀಗೆ ವಿಳಾಸ ಹೇಳಿ ಕಳುಹಿಸುವುದಿಲ್ಲ.

ಇನ್ನೊಂದು ಉತ್ತರ ಇರುವುದು ಜೀವಿಗಳ ಒಳಗೆ. ಹುಣಸೂರು, ಎಚ್.ಡಿ. ಕೋಟೆಗಳಿಗೆ ತಗುಲಿದ ನಾಗರಹೊಳೆ ಕಾಡಿನಲ್ಲಿ ನಾಯಿಯ ಹಾಗೆ ಬೊಗಳುವ ಕಾಡುಕುರಿಯನ್ನು ಕೇಳದವರಿಲ್ಲ. ನೋಡಲು ಸಾಧುವಾದ ಈ ಪ್ರಾಣಿ 1970ರಲ್ಲಿ ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತು. ಅಮೆರಿಕದ ವುರ್‌ಸ್ಟರ್ ಮತ್ತು ಬೆನಿರ್ಶ್‌ಕೆ ಅದರ ಕ್ರೋಮೊಸೋಮ್ ಎಣಿಸಿದರೆ ಹೆಣ್ಣಿನಲ್ಲಿ ಬರಿ ಆರು, ಗಂಡಿನಲ್ಲಿ ಏಳು! ಸಸ್ತನಿಗಳಲ್ಲೇ ಇಷ್ಟು ಕಡಿಮೆ ಬೇರೊಂದಿಲ್ಲ. ಹತ್ತಿರದ ಬಂಧುವಾದ ಚೀನಾದ ಕಾಡುಕುರಿಗೆ 46. ಇಷ್ಟು ಅಂತರ ಹೇಗೆ? ಒಂದರ ತುದಿಗೆ ಒಂದು ಬೆಸೆದುಕೊಂಡು ಸಣ್ಣವು ಹಲವು ಸೇರಿ ದೊಡ್ಡವು ಕೆಲವಾಗಿವೆ. ಬೆಸುಗೆಯ ಗುರುತುಗಳು ಇಂದಿಗೂ ಒಳಗೆ ಕಾಣುತ್ತವೆ. ನಮ್ಮ ಕಥೆಯೂ ಇದರದೇ ಪುಟ್ಟ ಆವೃತ್ತಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48, ಮನುಷ್ಯನಿಗೆ 46. ಮೂಲ ಒಂದೇ ಆಗಿದ್ದರೆ ನಮ್ಮಲ್ಲಿ ಎಲ್ಲೋ ಎರಡು ಜೊತೆ ಬೆಸೆದಿರಬೇಕು. ಬೆಸೆದಿವೆ. ಮನುಷ್ಯನ ಎರಡನೆಯ ಕ್ರೋಮೊಸೋಮಿನ ನಡುಮಧ್ಯೆ, ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸಾಲು ಎದುರುಬದುರಾಗಿ ಕುಳಿತಿರುವುದು 1991ರಲ್ಲಿ ಕಂಡುಬಂತು.

ಇಂತಹ ಬೆಸುಗೆ ಕೆಲಸವನ್ನು ಬಾಟಲಿಯೊಳಗೆ ನಡೆಸಿ ನೋಡಿದ್ದು ಇಲ್ಲಿಂದ ಒಂದು ಗಂಟೆಯ ಹಾದಿಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ‘ಡ್ರೊಸೊಫಿಲ’ ನೊಣಗಳ ಸಂಗ್ರಹಕ್ಕೆ ಅಲ್ಲಿಯ ಪ್ರಾಣಿವಿಜ್ಞಾನ ವಿಭಾಗ ಹೆಸರುವಾಸಿ. ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು ಎಂಟು ಕ್ರೋಮೊಸೋಮಿನ, ಕೊಡಗಿನಿಂದ ತಂದ ‘ನಸೂಟ’ ನೊಣವನ್ನು ಆರು ಕ್ರೋಮೊಸೋಮಿನ, ಪೂರ್ವ ಏಷ್ಯಾ ಕಡೆಯ ‘ಆಲ್ಬೊಮಿಕಾನ್ಸ್’ ನೊಣದೊಡನೆ 1980ರ ದಶಕದಲ್ಲಿ ಕೂಡಿಸಿದರು. ತಲೆಮಾರುಗಳು ಉರುಳಿದಂತೆ ತಂದೆತಾಯಿ ಇಬ್ಬರಲ್ಲೂ ಇಲ್ಲದ ಕ್ರೋಮೊಸೋಮ್ ಜೋಡಣೆಯ ಹೊಸ ಪೀಳಿಗೆಗಳು ಬಾಟಲಿಗಳಲ್ಲಿ ನೆಲೆನಿಂತವು. ಇವಕ್ಕೆ ‘ಸೈಟೊರೇಸ್’ ಎಂದು ಹೆಸರಿಟ್ಟರು. ಈ ಹೊಸ ಪೀಳಿಗೆಗಳಲ್ಲಿ ಕೆಲವು ತಮ್ಮವರನ್ನೇ ಕೂಡಲು ಒಲವು ತೋರತೊಡಗಿವೆ ಎಂಬ ವರದಿ 2001ರಲ್ಲಿ ಪ್ರಕಟವಾಯಿತು. ಒಂದು ಕುಲ ಎರಡಾಗುವ ಹೊಸ್ತಿಲು ಅದು.

ಇಷ್ಟಾದರೂ ವಿಕಾಸ ಪೂರ್ತಿ ‘ಸಾಬೀತಾದ’ ವಿಷಯವೇ ಎಂದು ಕೇಳಿದರೆ, ಯಾವ ಪ್ರಶ್ನೆ ಎಂದು ಮರಳಿ ಕೇಳಬೇಕಾಗುತ್ತದೆ. ಜೀವಿಗಳು ಬದಲಾಗುತ್ತವೆ ಎಂಬುದು ಕಂಡ ಸಂಗತಿ. ಅವೆಲ್ಲ ಒಂದೇ ಬಳ್ಳಿಯ ಕುಡಿಗಳು ಎಂಬುದು ಅನುಮಾನ, ಹಳೆಯ ಅರ್ಥದ ಗಟ್ಟಿ ಅನುಮಾನ. ಬೇರೆ ಬೇರೆ ಕಡೆಯಿಂದ ಬಂದ ಸಾಕ್ಷಿಗಳೆಲ್ಲ ಒಂದೇ ಮಾತು ಹೇಳುವುದರಿಂದ ಅದನ್ನೂ ಸಂಗತಿ ಎಂದೇ ವ್ಯವಹರಿಸುತ್ತಾರೆ. ಬದಲಾವಣೆ ಹೇಗೆ ನಡೆಯುತ್ತದೆ, ಅದರಲ್ಲಿ ನೈಸರ್ಗಿಕ ಆಯ್ಕೆಯ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು ಎಂಬ ವಿವರಣೆ ಸಿದ್ಧಾಂತ. ಅಲ್ಲಿ ಜಗಳ ಉಂಟು. ಗುಣಗಳು ಮಕ್ಕಳಿಗೆ ಹೇಗೆ ಸಾಗುತ್ತವೆ ಎಂಬ ಬಗ್ಗೆ ಸ್ವತಃ ಡಾರ್ವಿನ್ ತಪ್ಪು ತಿಳಿದಿದ್ದ. 1866ರಲ್ಲಿಯೇ ಮೆಂಡೆಲ್ ಪ್ರಕಟಿಸಿದ್ದ ಸರಿಯುತ್ತರ 1900ರವರೆಗೆ ಮೂಲೆಯಲ್ಲಿ ಬಿದ್ದಿತ್ತು. 1968ರಲ್ಲಿ ಜಪಾನಿನ ಕಿಮುರಾ, ಅಣುಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಲಾಭವೂ ಅಲ್ಲದ ನಷ್ಟವೂ ಅಲ್ಲದ ಆಕಸ್ಮಿಕಗಳೆಂದು ಹೇಳಿ ಹೊಸ ಚರ್ಚೆ ಹುಟ್ಟಿಸಿದ. ಈ ಜಗಳಗಳನ್ನು ತೋರಿಸಿ ವಿಕಾಸವೇ ನಡೆದಿಲ್ಲ ಎನ್ನುವುದು, ಬ್ಯಾರನ್ನಿನ ಒಲೆಗೆ ಯಾವ ಸೌದೆ ಒಳ್ಳೆಯದೆಂದು ರೈತರು ಜಗಳವಾಡುವುದನ್ನು ಕಂಡು ಬೆಂಕಿಯೇ ಇಲ್ಲ ಎಂದಂತೆ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಇಲ್ಲಿಯ ಗಿರಿಜನರಲ್ಲಿ ಕೆಲವು ಕುಟುಂಬಗಳಿಗೆ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ರಕ್ತಹೀನತೆ ಅಂಟಿಕೊಂಡಿದೆ. ರಕ್ತದ ಕೆಂಪುಕಣ ದುಂಡಗಿರುವ ಬದಲು ಕುಡಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲುಗಳಲ್ಲಿ ತಡೆಯಲಾಗದ ನೋವು, ಪದೇ ಪದೇ ಸೋಂಕು, ಮಕ್ಕಳಲ್ಲಿ ಸಾವು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು ಇಲ್ಲಿಗೆ ದೂರವಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ. ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ಅದನ್ನು ವರದಿ ಮಾಡಿದರು. ಹಿಮೊಗ್ಲೋಬಿನ್ನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾದದ್ದು ಇದರ ಕಾರಣವೆಂದು 1950ರ ದಶಕದಲ್ಲಿಯೇ ಇಂಗ್ರಾಂ ತೋರಿಸಿದ.

ಇಷ್ಟು ಕೆಟ್ಟ ಗುಣವನ್ನು ನೈಸರ್ಗಿಕ ಆಯ್ಕೆ ಎಂದೋ ಅಳಿಸಿಹಾಕಬೇಕಿತ್ತಲ್ಲ? ಇದೇ ಒಗಟು. ಉತ್ತರ ಚಳಿಜ್ವರದಲ್ಲಿತ್ತು. ಮಲೇರಿಯಾ ಹೆಚ್ಚಿರುವ ಸೀಮೆಗಳಲ್ಲೇ ಇಂತಹ ರಕ್ತದ ದೋಷಗಳು ಉಳಿದಿರುವುದಕ್ಕೆ ಕಾರಣವಿರಬೇಕೆಂದು 1949ರಲ್ಲಿ ಹೇಳಿದವನು ಅದೇ ಹಾಲ್ಡೇನ್. ಅವನು ಹೇಳಿದ್ದು ಥಲಸೀಮಿಯಾ ಕುರಿತು. ಪೂರ್ವ ಆಫ್ರಿಕದಲ್ಲಿ ದುಡಿದ ಆಂಥನಿ ಆಲಿಸನ್ 1954ರಲ್ಲಿ ಸಿಕಲ್ ಸೆಲ್ ವಿಷಯದಲ್ಲಿ ಅದನ್ನು ಖಚಿತಪಡಿಸಿದ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದವರು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾರೆ, ಮಾರಕ ಮಲೇರಿಯಾಕ್ಕೆ ಸುಲಭವಾಗಿ ಬಲಿಯಾಗುವುದಿಲ್ಲ. ಇಬ್ಬರಿಂದಲೂ ಬಂದವರು ಕುಡಗೋಲು ಕಣಕ್ಕೆ ಬಲಿ. ಒಬ್ಬರಿಂದಲೂ ಬಾರದವರು ಜ್ವರಕ್ಕೆ ಬಲಿ. ನಡುವಿನವರು ಬದುಕಿ ಆ ಗುಣವನ್ನು ಮುಂದಕ್ಕೆ ದಾಟಿಸಿದರು. ಸೊಳ್ಳೆ ತುಂಬಿದ ಕಾಡಿನಲ್ಲಿ ನೂರಾರು ತಲೆಮಾರು ಬಾಳಿದವರ ರಕ್ತದಲ್ಲಿ ಆ ಕಾಡಿನ ಲೆಕ್ಕ ಹೀಗೆ ಉಳಿಯಿತು. ಈ ಬದಲಾವಣೆ ಭಾರತದಲ್ಲಿ ಬೇರೆಯಾಗಿಯೇ ಹುಟ್ಟಿತೋ, ಆಫ್ರಿಕದಲ್ಲಿ ಒಮ್ಮೆ ಹುಟ್ಟಿ ಹರಡಿತೋ ಎಂದು ತಜ್ಞರು ಇಂದಿಗೂ ಎರಡು ಪಕ್ಷ. ಮಲೇರಿಯಾ ಅದನ್ನು ಉಳಿಸಿತು ಎಂಬ ಬಗ್ಗೆ ಎರಡು ಪಕ್ಷ ಇಲ್ಲ.

ಸೊಳ್ಳೆಯೂ ಸುಮ್ಮನಿರಲಿಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ಯೋಜನೆ ಆರಂಭವಾಗಿ ಮನೆಮನೆಗೆ ಡಿಡಿಟಿ ಹೊಡೆದಾಗ ರೋಗ ಇಳಿಯಿತು. 1965ರಲ್ಲಿ ದೇಶದಲ್ಲಿ ವರದಿಯಾದ ಪ್ರಕರಣಗಳು ಒಂದು ಲಕ್ಷದಷ್ಟು ಮಾತ್ರ. 1976ರಲ್ಲಿ 64 ಲಕ್ಷ. ಆಡಳಿತದ ಅಲಕ್ಷ್ಯ, ಔಷಧದ ಕೊರತೆಯ ಜೊತೆಗೆ ಡಿಡಿಟಿಗೆ ಜಗ್ಗದ ಸೊಳ್ಳೆಯ ಪೀಳಿಗೆಗಳು ಇದಕ್ಕೆ ಕಾರಣ. ಕೆ.ಆರ್. ನಗರದ ಗದ್ದೆಯ ಹುಳುವಿನ ಕಥೆಯೇ ಅದು, ಬೇರೆ ವೇಷದಲ್ಲಿ.

ಇಂದು ಈ ಸೀಮೆಯಲ್ಲಿ ಮಲೇರಿಯಾ ಬಹಳ ಮಟ್ಟಿಗೆ ತಗ್ಗಿದೆ. ಕುಡಗೋಲು ಗುಣದಿಂದ ಸಿಗುತ್ತಿದ್ದ ರಕ್ಷೆಗೆ ಈಗ ಕೆಲಸವಿಲ್ಲ. ರೋಗ ಮಾತ್ರ ಹಾಗೆಯೇ ಉಳಿದಿದೆ. ಇದು ಶಾಪವಲ್ಲ, ಯಾರ ಪಾಪದ ಫಲವೂ ಅಲ್ಲ ಎಂದು ಹಾಡಿಯ ತಾಯಿಗೆ ವಿವರಿಸಬೇಕಾದ ಆರೋಗ್ಯ ಕಾರ್ಯಕರ್ತೆಗೆ ಆಲಿಸನ್ನನ ಮಾತು ಪರೀಕ್ಷೆಯ ಪ್ರಶ್ನೋತ್ತರವಲ್ಲ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಡಲಾಯಿತು. 2047ರೊಳಗೆ ರೋಗವನ್ನು ಇಲ್ಲವಾಗಿಸುವುದು ಉದ್ದೇಶ. ಪರೀಕ್ಷೆಯಾದವರಿಗೆ ಫಲಿತಾಂಶದ ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಗಂಡುಹೆಣ್ಣು ಕಾರ್ಡುಗಳನ್ನು ಜೊತೆಗಿಟ್ಟು ನೋಡಬಹುದು: ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು.